ಪೇಟಿಯ ಮುಂದೆ ಕೂತ ಕಾಕಾ

ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಹಳ್ಳಿಗೆ ಹೋದರೂ ಗುಡಿಯ ಮೂಲೆಯಲ್ಲಿ ತಬಲಾ-ಡಗ್ಗಾದ ಪಕ್ಕ, ಹಳೇ ಸೀರೆ ತುಂಡು ಹೊದ್ದ ಒಂದು ಪೇಟಿ, ಅಂದರೆ ಹಾರ್ಮೋನಿಯಂ, ಇದ್ದೇ ಇರುತ್ತದೆ. ಭಜನೆಗೂ ಅದೇ, ಶ್ರೀಕೃಷ್ಣ ಪಾರಿಜಾತಕ್ಕೂ ಅದೇ, ಜಾತ್ರೆಯ ನಾಟಕಕ್ಕೂ ಅದೇ. ಇಷ್ಟು ಕೈಯಳತೆಯಲ್ಲಿದ್ದದ್ದನ್ನು ಮುಟ್ಟಲು ನಾನು ನೌಕರಿ ಮುಗಿಯುವವರೆಗೆ ಕಾದೆ. ಚಿಕ್ಕಂದಿನಲ್ಲಿ ಮುಟ್ಟಿದರೆ ಅಪ್ಪ ‘ನಾಟಕದಾಗ ಸೇರ್ತೀಯೇನ?’ ಎಂದು ಗದರುತ್ತಿದ್ದರು. ಆಮೇಲೆ ಗದರುವವರೂ ಉಳಿಯಲಿಲ್ಲ, ಪುರುಸೊತ್ತೂ ಇರಲಿಲ್ಲ.

ಈಗ ಕಲಿಸುವವರು ನನ್ನ ಮಗಳಿಗಿಂತ ಚಿಕ್ಕವರು. ನನಗೆ ಅವರು ಅಕ್ಕಾರು, ಅವರಿಗೆ ನಾನು ಕಾಕಾ. ‘ಕಾಕಾ, ಬೆರಳು ಜಿಗಿಸಬ್ಯಾಡ್ರಿ, ಸರಿಸ್ರಿ. ಮೂರನೇ ಪಟ್ಟಿ ಆದಮ್ಯಾಲ ಹೆಬ್ಬೆರಳು ಕೆಳಗಿಂದ ಬರ್ಬೇಕು.’ ಹೆಬ್ಬೆರಳಿಗೆ ಇದನ್ನು ಯಾರು ಹೇಳಬೇಕು? ಇಷ್ಟು ವರ್ಷ ಅದು ನೋಟು ಎಣಿಸಿ, ಸಿಕ್ಕಾ ಒತ್ತಿ ಬದುಕಿದ್ದು. ಪಕ್ಕದಲ್ಲಿ ಕೂತ ಆರನೆತ್ತೆಯ ಹುಡುಗ ಅದೇ ಅಲಂಕಾರವನ್ನು ದುಗುಣದಲ್ಲಿ ಬಾರಿಸಿ, ಕಿಟಕಿಯಾಚೆ ನೋಡುತ್ತ ಕೂಡುತ್ತಾನೆ. ಅವನಿಗೆ ಬೆರಳು ಮೊದಲು ಬಂದಿದೆ, ಕಿವಿ ಮುಂದೆಂದೋ ಬರುತ್ತದೆ. ನನ್ನದು ಉಲ್ಟಾ. ಮನಸೂರ, ಭೀಮಸೇನ ಜೋಶಿ, ಗಂಗೂಬಾಯಿ ಇವರನ್ನೆಲ್ಲ ಕೇಳಿ ಕೇಳಿ ಹದವಾದ ಕಿವಿಯಿಟ್ಟುಕೊಂಡು ನನ್ನ ಭೂಪ ರಾಗವನ್ನು ನಾನೇ ಕೇಳಬೇಕು. ಈ ಶಿಕ್ಷೆ ಆ ಹುಡುಗನಿಗಿಲ್ಲ.

ಆದರೆ ಪೇಟಿಯ ಕಥೆ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು. ಅದೂ ನಮ್ಮ ರಾಗಗಳನ್ನು ವಯಸ್ಸಾದ ಮೇಲೆ ಕಲಿತದ್ದೇ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದ್ದು, ಕುರ್ಚಿಯ ಮೇಲೆ ಕೂತು ಬಾರಿಸುವಂಥದ್ದು. ಕಲಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲು ತೆಗೆಸಿ, ಗಾಳಿ ಊದುವ ಭಾತೆಯನ್ನು ಬೆನ್ನಿಗೆ ತಂದು ಚಾಪೆಯ ಮೇಲೆ ಕೂರಿಸಿದರು. ಕೂತಿತು, ಆದರೆ ನಾಲಿಗೆ ತಿರುಗಲಿಲ್ಲ. ಒಳಗಿನ ಹಿತ್ತಾಳೆ ಪಟ್ಟಿ ಒಂದಕ್ಕೆ ಒಂದೇ ಸ್ವರ. ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದಕ್ಕೆ ಬಾರದು. ಈ ದೂರಿನ ಮೇಲೆ 1940ರ ಮಾರ್ಚ್ 1ರಿಂದ ಆಕಾಶವಾಣಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲಾಗಲು ಮೂರು ದಶಕ ಬೇಕಾಯಿತು. ದೂರಿನಲ್ಲಿ ಸತ್ಯವಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಅವಧಿಯಲ್ಲಿ ಗುಡಿ, ಕಂಪನಿ ನಾಟಕ, ಬೈಠಕ್ಕುಗಳಲ್ಲಿ ಪೇಟಿ ಹೇಗೆ ಹಾಡತೊಡಗಿತು ಎಂಬುದು ಬಾನುಲಿಯವರ ಲೆಕ್ಕಕ್ಕೆ ಬರಲಿಲ್ಲ.

ಹಾಡಿಸಿದವರಲ್ಲಿ ದೊಡ್ಡವರೊಬ್ಬರು ನಮ್ಮ ಕಾಗವಾಡದವರು. ಪಂಡಿತ ರಾಮಭಾವು ಬಿಜಾಪುರೆ ಹುಟ್ಟಿದ್ದು 1917ರಲ್ಲಿ, ಆಗ ಅಥಣಿ ತಾಲೂಕಿಗೆ ಸೇರಿದ್ದ ಈ ಊರಿನಲ್ಲಿ. ತಂದೆ ಕಲ್ಲೋಪಂತರು ನಾಟಕ ಬರೆಯುತ್ತಿದ್ದವರು. ನನ್ನ ಅಪ್ಪ ಹೆದರಿಸುತ್ತಿದ್ದ ನಾಟಕ ಆ ಮನೆಯಲ್ಲಿ ದಿನನಿತ್ಯದ ಕಸುಬಾಗಿತ್ತು ನೋಡಿ! ರಾಮಭಾವು ಅಣ್ಣಿಗೇರಿ ಮಲ್ಲಯ್ಯನವರ ಬಳಿ ಕಲಿತು, 1938ರಲ್ಲಿ ಬೆಳಗಾವಿಯಲ್ಲಿ ಸಂಗೀತ ಶಾಲೆ ತೆರೆದರು. ಎರಡೇ ವರ್ಷಕ್ಕೆ ರೇಡಿಯೊ ಬಾಗಿಲು ಮುಚ್ಚಿತು. ಅವರ ಶಾಲೆಯ ಬಾಗಿಲು ಮುಚ್ಚಲಿಲ್ಲ. 2010ರಲ್ಲಿ, ತೊಂಬತ್ತಮೂರರಲ್ಲಿ ತೀರಿಕೊಂಡರು.

ಅವರ ಧ್ವನಿಮುದ್ರಣ ಹಾಕಿದಾಗೆಲ್ಲ ಅಕ್ಕಾರು ನನಗೆ ಎಡಗೈಯ ಕಡೆ ಗಮನ ಕೊಡಲು ಹೇಳುತ್ತಾರೆ. ಒಂದು ಪಟ್ಟಿ ಪೂರ್ತಿ ಏಳುವ ಮೊದಲೇ ಮುಂದಿನದು ಅರ್ಧ ಇಳಿದಿರಬೇಕು, ಆ ಗಳಿಗೆಗೆ ಭಾತೆಯ ಗಾಳಿ ತುಸು ಸಣ್ಣದಾಗಬೇಕು. ಆಗ ಎರಡು ಸ್ವರಗಳ ನಡುವಿನ ಗೋಡೆ ಕೇಳಿಸುವುದಿಲ್ಲ. ಮೀಂಡ್ ಅಲ್ಲ ಅದು, ಮೀಂಡಿನ ಭ್ರಮೆ. ನನ್ನ ಎಡಗೈ ಮಾತ್ರ ಇನ್ನೂ ಒಲೆ ಊದಿದಂತೆಯೇ ನಡೆಯುತ್ತದೆ.

ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆಗೆ ಕೂರುವ ಮಾತು ನಡೆದಿದೆ. ಮಂಡಳವನ್ನು 1931ರಲ್ಲಿ ಕಟ್ಟಿದವರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಪಲುಸ್ಕರರ ಹುಟ್ಟೂರು ಕುರುಂದವಾಡ, ಇಲ್ಲೇ ಗಡಿಯಾಚೆ. ಪರೀಕ್ಷೆಯ ಹೆದರಿಕೆ ನನಗಿಲ್ಲ. ಆ ಹುಡುಗನ ಜೊತೆ ಪರೀಕ್ಷೆಗೆ ಕೂರಬೇಕಲ್ಲ, ಅದರದ್ದೇ ಸಂಕೋಚ.

ಪರೀಕ್ಷೆಗಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಒಂದು ಬಸವಣ್ಣನ ವಚನ. ಅದಕ್ಕೆ ನನ್ನದೇ ಧಾಟಿ ಹಾಕುವ ಹುಚ್ಚು ಹತ್ತಿದೆ. ಕರಿ ಒಂದನ್ನು ಷಡ್ಜ ಮಾಡಿಕೊಂಡರೆ ಭೂಪದಲ್ಲಿ ಗಂಧಾರವೊಂದು ಬಿಳಿ ಪಟ್ಟಿಗೆ ಇಳಿಯುತ್ತದೆ. ದುರ್ಗಾ ಆದರೆ ಐದೂ ಸ್ವರ ಕರಿಯ ಮೇಲೆಯೇ. ಹೀಗಾಗಿ ನನ್ನ ರಾಗ ಯಾವುದೆಂದು ಆರಿಸಿದ್ದು ಭಾವವಲ್ಲ, ಬೆರಳು. ಇದನ್ನು ಕೇಳಿ ಅಕ್ಕಾರು ನಕ್ಕರು, ಬೇಡ ಅನ್ನಲಿಲ್ಲ.

ತೊಡಕು ಶುರುವಾದದ್ದು ತಾಳದಲ್ಲಿ. ವಚನಕ್ಕೆ ಛಂದಸ್ಸಿನ ಹಂಗಿಲ್ಲ. ಒಂದು ಸಾಲು ಮೂರು ಮಾತಿಗೆ ಮುಗಿದರೆ ಮುಂದಿನದು ಉಸಿರು ಮುಗಿದರೂ ಮುಗಿಯದು. ಕೇರ್ವಾದ ಎಂಟು ಮಾತ್ರೆಗಳು ಮಾತ್ರ ಕದಲುವುದಿಲ್ಲ. ಗಿಡ್ಡ ಸಾಲನ್ನು ಎಳೆದು, ಉದ್ದದ್ದನ್ನು ಎರಡು ಆವರ್ತನಕ್ಕೆ ಹಂಚಿ, ಕೂಡಲಸಂಗಮದೇವ ಎಂಬಲ್ಲಿ ಸಮಕ್ಕೆ ಬಂದು ಬೀಳುವಂತೆ ಮಾಡಿ, ಭಜನಾ ಮಂಡಳಿಯ ಮುಂದೆ ಬಾರಿಸಿದೆ.

ಮುಂದೆ ನಿಂತು ಹೇಳಿಕೊಡುವವ ಪೂರ್ತಿ ಕೇಳಿ, ‘ಧಾಟಿ ಚೊಲೊ ಐತ್ರಿ ಕಾಕಾ. ಆದ್ರ ಶ್ರಾವಣ ಸೋಮವಾರಕ್ಕ ಹಳೇದ ಇರ್ಲಿ. ಹಿಂದಿನ ಮಂದಿ ಎಲ್ಲಿ ಹಿಡೀಬೇಕು?’ ಎಂದ.

ಅದು ನನಗೆ ಹೊಳೆದಿರಲೇ ಇಲ್ಲ. ನಾನು ಕಟ್ಟಿದ್ದು ಒಬ್ಬ ಹಾಡುವ ಧಾಟಿ. ಗುಡಿಯಲ್ಲಿ ಒಬ್ಬ ಹೇಳಿದ್ದನ್ನು ಇಪ್ಪತ್ತು ಜನ ತಿರುಗಿ ಹೇಳಬೇಕು, ಅದೂ ತಾಳ ಹಾಕುತ್ತ, ಮೊದಲ ಸಲ ಕೇಳಿದವರೂ ಸೇರಿ. ಈಗ ಪ್ರತಿ ಸಾಲಿನ ಬಾಲವನ್ನು ಕತ್ತರಿಸಿ ನಾಲ್ಕು ಮಾತ್ರೆಗೆ ಇಳಿಸುತ್ತಿದ್ದೇನೆ. ಧೈವತದಲ್ಲಿ ನಾನು ಆಸೆಪಟ್ಟು ಹಾಕಿದ್ದ ಒಂದು ತಿರುವು ಹೋಗಬೇಕಾಗುತ್ತದೆ. ತಬಲಾದ ಹುಡುಗ ಮಾತ್ರ ಅದನ್ನು ತೆಗೆಯಬಾರದೆಂದು ಹಟ ಹಿಡಿದಿದ್ದಾನೆ, ಅವನಿಗೆ ಅಲ್ಲೊಂದು ತಿಹಾಯಿ ಸಿಗುತ್ತದೆ.