ದೀಪ ಹತ್ತಿದ ದಿನಗಳ ಪಟ್ಟಿ

ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಪ್ರವಾಸದ ಬಗ್ಗೆ ಬರೆಯುತ್ತಿದ್ದಾರೆ. ನಾನು ಪ್ರವಾಸಕ್ಕೆ ಹೋಗಿರಲಿಲ್ಲ. ಆದ್ದರಿಂದ ನಮ್ಮ ಮಾವನ ಕಾರಿನಲ್ಲಿ ಬಂದು ಬಂದು ಹೋಗುತ್ತಿದ್ದ ಒಂದು ದೀಪದ ಬಗ್ಗೆ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಅಜ್ಜ ಶಾಲೆಗೆ ಬಂದಾಗ ಓದಿ ನಗುತ್ತಾರೆ.

ನಾನು ಅಜ್ಜನ ಮನೆಯಲ್ಲಿದ್ದು ಓದುತ್ತಿರುವುದು ನಿಮಗೆಲ್ಲ ಗೊತ್ತು. ಅಜ್ಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ರಿಟೈರ್ ಆದವರು. ೧೯೨೩ರಲ್ಲಿ ಶುರುವಾದ, ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆ ಅದು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅಜ್ಜ ಅದನ್ನು ದೊಡ್ಡ ಕುಲುಮೆಯ ಮೋಟಾರು ಎಂಬಂತೆ ನೋಡುತ್ತಾರೆ. ಮಾವ ಮಾಚೇನಹಳ್ಳಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರು ಶಿವಮೊಗ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ೨೦೧೨ನೇ ಮಾಡೆಲ್. ಆಗ ಏರ್‌ಬ್ಯಾಗ್ ಕಡ್ಡಾಯ ಇರಲಿಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯವಾಗಿದ್ದು ೨೦೧೯ರ ಜುಲೈ ೧ರಿಂದ. ಆದರೆ ಮಾವನ ಕಾರು ಜಾಸ್ತಿ ರೇಟಿನ ಮಾಡೆಲ್ ಆದ್ದರಿಂದ ಮುಂದಿನ ಎರಡೂ ಸೀಟಿಗೆ ಇದೆ. ಮಾವ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು.

ಏರ್‌ಬ್ಯಾಗ್ ಅಂದರೆ ಸ್ಟೀರಿಂಗಿನ ಒಳಗೆ ಮಡಚಿಟ್ಟ ಚೀಲ. ಕಾರು ಜೋರಾಗಿ ಗುದ್ದಿದರೆ ಒಂದು ಡಬ್ಬಿಯೊಳಗಿನ ಕಂಪ್ಯೂಟರ್ ಅದಕ್ಕೆ ಕರೆಂಟು ಕಳಿಸುತ್ತದೆ. ಒಂದು ಸಣ್ಣ ಮದ್ದು ಹೊತ್ತಿಕೊಂಡು ಗಾಳಿ ತುಂಬುತ್ತದೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂವತ್ತು ನಲವತ್ತು ಪಾಲಿನಲ್ಲಿ ಚೀಲ ಉಬ್ಬಿ ನಿಂತಿರುತ್ತದಂತೆ. ನಾವು ಕಣ್ಣು ಮಿಟುಕಿಸುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದೇ ಸಮಯಕ್ಕೆ ಸೀಟ್ ಬೆಲ್ಟನ್ನು ಸರಕ್ಕನೆ ಬಿಗಿಯುವ ಇನ್ನೊಂದು ಸಾಮಾನೂ ಇರುತ್ತದೆ. ಅದಕ್ಕೂ ಇಂಥದೇ ಮದ್ದು. ಇವೆಲ್ಲ ಸರಿ ಇವೆಯೋ ಇಲ್ಲವೋ ಎಂದು ಆ ಡಬ್ಬಿ ಯಾವಾಗಲೂ ನೋಡುತ್ತಿರುತ್ತದೆ. ಬೀಗದ ಕೈ ತಿರುಗಿಸಿದ ಕೂಡಲೆ ಮೀಟರ್ ಬೋರ್ಡಿನಲ್ಲಿ ಒಬ್ಬ ಮನುಷ್ಯ, ಅವನ ಮುಂದೆ ಒಂದು ಚೆಂಡು ಇರುವ ಕೆಂಪು ದೀಪ ಹತ್ತುತ್ತದೆ. ನಮ್ಮ ಕಾರಿನಲ್ಲಿ ಆರು ಎಣಿಸುವಷ್ಟರಲ್ಲಿ ಆರಬೇಕು. ಆರದಿದ್ದರೆ, ಅಥವಾ ದಾರಿಯಲ್ಲಿ ಮತ್ತೆ ಹತ್ತಿದರೆ, ಏನೋ ಕೆಟ್ಟಿದೆ ಎಂದು ಅರ್ಥ. ಆಗ ಗುದ್ದಿದರೆ ಚೀಲ ಬರಬಹುದು, ಬಾರದೇ ಇರಬಹುದು.

ಮಳೆ ಶುರುವಾದ ಹೊಸದರಲ್ಲಿ ಒಂದು ಭಾನುವಾರ ಭದ್ರಾವತಿಯಿಂದ ಬರುವಾಗ ಆ ದೀಪ ಹತ್ತಿತು. ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಇಲ್ಲ. ಮಾವ "ಏನೂ ಇಲ್ಲ ಬಿಡು" ಅಂದರು. ಮಾರನೇ ದಿನ ಮತ್ತೆ ಹತ್ತಿತು. ಆಮೇಲೆ ನಾಲ್ಕು ದಿನ ಇಲ್ಲವೇ ಇಲ್ಲ.

ಬೇರೆ ಸಮಯವಾಗಿದ್ದರೆ ಮಾವ ಸುಮ್ಮನಿರುತ್ತಿದ್ದರೋ ಏನೋ. ಆಗ ಅತ್ತೆಗೆ ಆರನೇ ತಿಂಗಳು. ತೋರಿಸಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಅತ್ತೆ ಮುಂದಿನ ಎಡಗಡೆ ಸೀಟಿನಲ್ಲೇ ಕೂರುತ್ತಿದ್ದರು. ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಹೊಟ್ಟೆಯ ಕೆಳಗೆ ಸೊಂಟದ ಮೇಲೆ ಬರಬೇಕು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಆಷಾಢ ಕಳೆದು ಶ್ರಾವಣ ಬಂದ ಮೇಲೆ ಸೀಮಂತ ಮುಗಿಸಿ ಅತ್ತೆಯನ್ನು ತವರಿಗೆ ಬಿಡಬೇಕಿತ್ತು. ತವರೂ ಶಿವಮೊಗ್ಗವೇ. "ಅಷ್ಟರೊಳಗೆ ಈ ದೀಪದ ಕತೆ ಮುಗಿಸು" ಎಂದು ಅಜ್ಜಿ ಮಾವನಿಗೆ ದಿನಾ ಹೇಳುತ್ತಿದ್ದರು.

ಮೊದಲು ಒಂದು ಗ್ಯಾರೇಜಿನಲ್ಲಿ ಕಂಪ್ಯೂಟರ್ ಸಿಕ್ಕಿಸಿ ಏನೋ ಒತ್ತಿ "ಅಳಿಸಿದ್ದೀನಿ, ಆಯ್ತು" ಎಂದು ೫೦೦ ರೂಪಾಯಿ ತಗೊಂಡರು. ಏನು ಅಳಿಸಿದರು ಎಂದು ಹೇಳಲಿಲ್ಲ, ಮಾವ ಕೇಳಲೂ ಇಲ್ಲ. ನಾಲ್ಕನೇ ದಿನಕ್ಕೆ ದೀಪ ಹಾಜರ್. ಇನ್ನೊಂದು ಕಡೆ ಡಬ್ಬಿಯೇ ಹೋಗಿದೆ, ಬದಲಾಯಿಸಬೇಕು, ೧೮,೦೦೦ ಆಗುತ್ತದೆ ಅಂದರು. ಮೂರನೆಯವರದು ಎಲ್ಲಕ್ಕಿಂತ ಸುಲಭ. "ಬಲ್ಬ್ ಕಿತ್ತು ಹಾಕಿ ಸಾರ್, ಕಾಟ ಇರಲ್ಲ."

ಇದನ್ನು ಕೇಳಿ ಅಜ್ಜನಿಗೆ ಬಂದ ಸಿಟ್ಟು ನೀವು ನೋಡಬೇಕಿತ್ತು. "ಮನೆಗೆ ಕಳ್ಳ ಬಂದ ಅಂತ ನಾಯಿ ಬೊಗಳಿದರೆ ನಾಯಿ ಬಾಯಿ ಕಟ್ತಾರೇನೋ?" ಎಂದು ಮಾವನನ್ನೇ ಬೈದರು, ಪಾಪ, ಮಾವ ಬಲ್ಬ್ ಕಿತ್ತಿರಲಿಲ್ಲ. ಆಮೇಲೆ ನನ್ನನ್ನು ಕರೆದು "ಪುಟ್ಟಾ, ಒಂದು ನೂರು ಹಾಳೆ ನೋಟ್‌ಬುಕ್ ತಗೊಂಡು ಬಾ" ಅಂದರು.

ಸದಾ ಕೆಟ್ಟಿರುವುದನ್ನು ಹುಡುಕುವುದು ಸುಲಭ, ಬಂದು ಹೋಗುವುದನ್ನು ಹಿಡಿಯುವುದು ಕಷ್ಟ, ಏಕೆಂದರೆ ನಾವು ನೋಡಲು ಹೋದಾಗ ಅದು ಸರಿಯಾಗಿರುತ್ತದೆ ಎಂದು ಅಜ್ಜ ಹೇಳಿದರು. ಕಾರ್ಖಾನೆಯಲ್ಲಿ ಅಂಥ ಮೋಟಾರು ಇದ್ದರೆ ಅದು ನಿಂತಾಗ ಗಂಟೆ ಎಷ್ಟು, ಯಾವ ಪಾಳಿ, ಪಕ್ಕದಲ್ಲಿ ಏನು ನಡೆಯುತ್ತಿತ್ತು ಎಲ್ಲಾ ಬರೆದಿಡುತ್ತಿದ್ದರಂತೆ. ನಾನು ಸ್ಕೇಲು ಇಟ್ಟು ಗೆರೆ ಹಾಕಿದೆ. ತಾರೀಕು, ಎಲ್ಲಿಗೆ, ಮುಂದೆ ಯಾರು ಕೂತಿದ್ದರು, ಮಳೆ ಇತ್ತೋ ಇಲ್ಲವೋ, ದೀಪ ಎಲ್ಲಿ ಹತ್ತಿತು. ನಾನು ಶಾಲೆಯಲ್ಲಿದ್ದ ದಿನ ಮಾವನನ್ನು ಕೇಳಿ ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಹಳ ಜಂಬ ಬಂದಿತ್ತು.

ಅದರ ಜೊತೆಗೆ ಅಜ್ಜ ಒಂದೊಂದೇ ಅನುಮಾನ ಕಳೆಯುತ್ತಾ ಬಂದರು. ಬ್ಯಾಟರಿ ಸೋತರೆ ಈ ದೀಪ ಹತ್ತುವುದುಂಟು. ಮೀಟರ್ ಇಟ್ಟು ನೋಡಿದರೆ ೧೨.೬ ವೋಲ್ಟ್, ಚೆನ್ನಾಗಿದೆ. ಆಮೇಲೆ ಸ್ಟೀರಿಂಗ್. ಸ್ಟೀರಿಂಗ್ ತಿರುಗುತ್ತದೆ, ಆದರೆ ಚೀಲಕ್ಕೆ ಹೋಗುವ ವೈರು ಹರಿಯಬಾರದಲ್ಲ. ಅದಕ್ಕೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಪಟ್ಟಿ ವೈರು ಇಟ್ಟಿರುತ್ತಾರೆ, ಹೆಸರೂ ಕ್ಲಾಕ್ ಸ್ಪ್ರಿಂಗ್ ಎಂದೇ. ಹಳೆಯ ಕಾರಿನಲ್ಲಿ ಅದು ಒಳಗೇ ತುಂಡಾಗುತ್ತದೆ. ಹಾರ್ನಿನ ವೈರೂ ಅದರಲ್ಲೇ ಬರುವುದರಿಂದ ಎಷ್ಟೋ ಸಲ ಹಾರ್ನೂ ಕೈ ಕೊಡುತ್ತದೆ. ಮಾವ ಕಣದಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಹತ್ತು ಸಲ ತಿರುಗಿಸುತ್ತಾ ಹಾರ್ನ್ ಹೊಡೆದರು. ಊರಿನ ನಾಯಿಗಳೆಲ್ಲ ಬಂದವು, ದೀಪ ಬರಲಿಲ್ಲ.

"ಹಾಗಾದರೆ ಆ ಹಳದಿ ವೈರಿಗೇ ಮೀಟರ್ ಇಟ್ಟು ನೋಡಬಾರದಾ ಅಜ್ಜ?" ಎಂದು ಕೇಳಿದೆ. ಏರ್‌ಬ್ಯಾಗಿನ ವೈರುಗಳ ಕನೆಕ್ಟರ್ ಹಳದಿ ಬಣ್ಣದ್ದು, ಎಲ್ಲರಿಗೂ ಗೊತ್ತಾಗಲಿ ಎಂದು. ಅಜ್ಜ ನನ್ನ ಕೈಯಿಂದ ಮೀಟರ್ ಕಿತ್ತುಕೊಂಡು ಪೆಟ್ಟಿಗೆಗೆ ಹಾಕಿದರು. ಓಮ್ ನೋಡುವಾಗ ಮೀಟರೇ ಸ್ವಲ್ಪ ಕರೆಂಟು ಕಳಿಸುತ್ತದೆ, ಅಷ್ಟಕ್ಕೇ ಮದ್ದು ಹೊತ್ತಿಕೊಂಡರೂ ಹೊತ್ತಿಕೊಂಡೀತು, ಮುಖದ ಹತ್ತಿರ ಸಿಡಿದರೆ ಕಣ್ಣು ಹೋಗುತ್ತದೆ, ಅದು ನಮ್ಮ ಕೆಲಸ ಅಲ್ಲ ಅಂದರು. ನಲವತ್ತು ವರ್ಷ ವೈರು ಹಿಡಿದವರು ಹೀಗೆ ಹೇಳಿದ್ದು ನನಗೆ ಆಶ್ಚರ್ಯವಾಯಿತು.

ಪಟ್ಟಿಯಲ್ಲಿ ೨೩ ದಿನ ತುಂಬಿತು. ೬ ದಿನ ದೀಪ ಹತ್ತಿತ್ತು. ಮಳೆ ನೀರು ಹೋಗಿರಬಹುದು ಎಂದು ಮಾವ ಅಂದಿದ್ದರು, ಆದರೆ ಆರರಲ್ಲಿ ಎರಡು ಸಲ ಒಣ ಬಿಸಿಲು. ಅಜ್ಜಿ ಹಂಪ್ ಹಾರಿಸಿದ್ದಕ್ಕೆ ಅಂದರು. ಹಂಪು ದಿನಾ ಇದೆ, ದೀಪ ದಿನಾ ಇಲ್ಲ. ಹೆಚ್ಚು ಭಾನುವಾರ, ಸೋಮವಾರ, ಒಂದು ಬುಧವಾರ. ಆ ಬುಧವಾರ ಶಿವಮೊಗ್ಗದ ತುಂಗಾ ಸೇತುವೆಯ ಮೇಲೆ ಹತ್ತಿತ್ತು, ಅತ್ತೆ ಮುಂದೆ ಕೂತಿದ್ದರು. "ಭಾನುವಾರಕ್ಕೂ ಕರೆಂಟಿಗೂ ಏನು ಸಂಬಂಧ?" ಎಂದು ಅಜ್ಜ ಕನ್ನಡಕ ತೆಗೆದು ಒರೆಸುತ್ತಾ ಕೂತರು.

ನನಗೆ ಆಗಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. ಆ ಪಟ್ಟಿಯಲ್ಲಿ ಒಂದು ಕಾಲಂ ಇರಲಿಲ್ಲ. ನನ್ನ ಬ್ಯಾಟು.

ಬೇಸಿಗೆಯಲ್ಲಿ ನಾನು ಹೊಡೆದ ಬಾಲು ಕೊಟ್ಟಿಗೆಯ ಹೆಂಚುಗಳ ಮೇಲೆ ಬಿದ್ದು ನಾಲ್ಕು ಹೆಂಚು ಒಡೆದಿದ್ದವು. ಅಂದಿನಿಂದ ಅಜ್ಜಿ ಬ್ಯಾಟು ಮುಟ್ಟಕೂಡದು ಎಂದಿದ್ದರು. ಆದರೆ ಭಾನುವಾರ ಮಾವ ಸಾಮಾನು ತರಲು ಭದ್ರಾವತಿಗೆ ಹೋದಾಗ ನಾನೂ ಹೋಗಿ ಅಲ್ಲಿನ ಹುಡುಗರ ಜೊತೆ ಆಡುತ್ತಿದ್ದೆ. ಬೆಳಿಗ್ಗೆಯೇ ಯಾರೂ ನೋಡದಂತೆ ಹಿಂದಿನ ಬಾಗಿಲು ತೆಗೆದು ಎಡಗಡೆ ಸೀಟಿನ ಕೆಳಗೆ ಬ್ಯಾಟು ತುರುಕುತ್ತಿದ್ದೆ. ಅಡ್ಡ ಸಿಕ್ಕಿದರೆ ಕಾಲಿನಿಂದ ಒದೆಯುತ್ತಿದ್ದೆ. ಕೆಲವು ಸಲ ರಾತ್ರಿ ತೆಗೆಯಲು ಆಗದೆ ಸೋಮವಾರದವರೆಗೂ ಅಲ್ಲೇ ಇರುತ್ತಿತ್ತು. ಆ ಒಂದು ವಾರ ಬುಧವಾರದವರೆಗೂ ಇತ್ತು.

ರಾತ್ರಿ ನಾನು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಇನ್ನೊಂದು ಗೆರೆ ಹಾಕಿ ಬ್ಯಾಟು ಇದ್ದ ದಿನಗಳಿಗೆ ಚುಕ್ಕಿ ಇಟ್ಟೆ. ಎಂಟು ಚುಕ್ಕಿ. ಎಂಟರಲ್ಲಿ ಆರು ದಿನ ದೀಪ. ಚುಕ್ಕಿ ಇಲ್ಲದ ಹದಿನೈದು ದಿನದಲ್ಲಿ ಒಂದು ಸಲವೂ ಇಲ್ಲ. ನಾನು ರಬ್ಬರಿನಿಂದ ಅಷ್ಟೂ ಚುಕ್ಕಿ ಅಳಿಸಿಬಿಟ್ಟೆ. ಬ್ಯಾಟನ್ನು ಇನ್ನು ಮೇಲೆ ಇಡದಿದ್ದರೆ ದೀಪ ತಾನೇ ನಿಲ್ಲುತ್ತದೆ, ಯಾರಿಗೂ ಹೇಳುವುದು ಬೇಡ ಎಂದುಕೊಂಡೆ.

ಆದರೆ ಒಳಮನೆಯಲ್ಲಿ ಅತ್ತೆ ಮಾವನಿಗೆ ಹೇಳುವುದು ಕೇಳಿಸಿತು. "ನನ್ನ ಎರಡು ಬಳೆ ಅಡ ಇಟ್ಟು ಆ ಡಬ್ಬಿ ಹಾಕಿಸಿಬಿಡಿ. ಆ ದೀಪ ನೋಡಿದರೆ ಬೆಲ್ಟ್ ಹಿಡ್ಕೊಂಡೇ ಕೂರ್ತೀನಿ ನಾನು." ಮಾವ ನಾಳೆ ಸಂಜೆ ಹೋಗೋಣ ಅಂದರು.

ಬೆಳಿಗ್ಗೆ ಅಜ್ಜ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದಾಗ ಹೋಗಿ ಹೇಳಿದೆ. ಮೇಲೆ ನೋಡಿದರೆ ಹೊಸ ಹೆಂಚು ನಾಲ್ಕು ಕೆಂಪಗೆ ಕಾಣುತ್ತಿದ್ದವು. ಅಜ್ಜ ಬೈಯಲಿಲ್ಲ. ನೋಟ್‌ಬುಕ್ ತರಿಸಿ, ಅಳಿಸಿದ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿ, "ಅಳಿಸಿದ್ದು ಯಾಕೆ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮಾವನಿಗೆ ಹೇಳಿದವರೂ ಅಜ್ಜನೇ. ಅವತ್ತು ಮಾವ ನನ್ನನ್ನು ಮಾತಾಡಿಸಲಿಲ್ಲ. ಮುಂದಿನ ಎಡ ಸೀಟು ಖಾಲಿ ಬಿಟ್ಟು, ನಾನು ಮೊದಲಿನ ಹಾಗೆಯೇ ಬ್ಯಾಟು ತುರುಕಿ, ಕೆರೆ ಏರಿಯವರೆಗೆ ಹೋಗಿ ಬಂದೆವು. ಎರಡು ಸಲ ಏನೂ ಇಲ್ಲ. ಮೂರನೇ ಸಲ ಹಂಪಿನ ಮೇಲೆ ಕೆಂಪು ದೀಪ ಹತ್ತಿತು. ಮಾವ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಅಜ್ಜ ಮಾತ್ರ ಬ್ಯಾಟು ತೆಗೆಸಿ ಇನ್ನೂ ಐದು ಸಲ ಓಡಾಡಿಸಿದರು. ಹತ್ತಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಓರೆಯಾಗಿ ನೇತಾಡುತ್ತಿತ್ತು. ಯಾರೂ ಮುಟ್ಟಲಿಲ್ಲ.

ಸಂಜೆ ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ಕರ ಹತ್ತಿರ ಹೋದೆವು. ನಾನೂ ಬರಲೇಬೇಕು ಎಂದು ಅಜ್ಜ ಹೇಳಿದ್ದರು. ಅವರು ಕಂಪ್ಯೂಟರ್ ಸಿಕ್ಕಿಸಿದರು, ಆದರೆ ಅಳಿಸುವ ಮೊದಲು ಓದಿ ಹೇಳಿದರು. ಎಡಗಡೆ ಮುಂದಿನ ಬೆಲ್ಟ್ ಬಿಗಿಯುವ ಸಾಮಾನಿನ ವೈರಿನಲ್ಲಿ ತಡೆ ಹೆಚ್ಚಾಗಿದೆ ಎಂದು ಬಂದಿತ್ತು. ಅದರಲ್ಲಿ ಸುಮಾರು ಎರಡು ಓಮ್ ಇರಬೇಕು. ಕನೆಕ್ಟರ್ ಸ್ವಲ್ಪ ಸಡಿಲವಾದರೂ ತಡೆ ಏರುತ್ತದೆ, ಡಬ್ಬಿ ಅದನ್ನು ಕಂಡುಹಿಡಿದು ದೀಪ ಹಚ್ಚುತ್ತದೆ. ಡಬ್ಬಿ ಕೆಟ್ಟಿರಲಿಲ್ಲ, ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅವರು ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಡಬ್ಬಿಯಲ್ಲಿ ಉಳಿದ ಕರೆಂಟು ಹೋಗಲಿ ಎಂದು ಹತ್ತು ನಿಮಿಷ ಕಾದರು. ಆ ಹತ್ತು ನಿಮಿಷ ಟೀ ಕುಡಿದರು. ಆಮೇಲೆ ಕನೆಕ್ಟರ್ ಬಿಚ್ಚಿ, ಪಿನ್ನುಗಳನ್ನು ಸ್ಪ್ರೇಯಿಂದ ತೊಳೆದು, ಟಕ್ ಎಂದು ಲಾಕ್ ಆಗುವವರೆಗೆ ಒತ್ತಿ, ಸೀಟು ಹಿಂದೆ ಮುಂದೆ ಸರಿದರೂ ಎಳೆಯದಂತೆ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಟ್ಯಾಗ್ ಹಾಕಿ ಕಟ್ಟಿದರು. ೪೦೦ ರೂಪಾಯಿ. ನನ್ನ ನೋಟ್‌ಬುಕ್ ನೋಡಿ "ಇದನ್ನು ಮೊದಲೇ ತಂದಿದ್ದರೆ ನಿಮ್ಮ ದುಡ್ಡು ಉಳೀತಿತ್ತಲ್ಲ" ಅಂದರು. ಯಾವ ಕಾಲಂ ಆಮೇಲೆ ಸೇರಿತು ಎಂದು ಅಜ್ಜ ಅವರಿಗೆ ಹೇಳಲಿಲ್ಲ. (ಓಮ್ ಬಗ್ಗೆ ತಪ್ಪು ಬರೆದಿದ್ದರೆ ವಿಜ್ಞಾನ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.)

ಶ್ರಾವಣದಲ್ಲಿ ಸೀಮಂತ ಆಯಿತು. ಹಸಿರು ಬಳೆಗಳ ಜೊತೆಗೆ ಅತ್ತೆಯ ಕೈಯಲ್ಲಿ ಆ ಎರಡು ಬಳೆಯೂ ಇದ್ದವು. ತವರಿಗೆ ಹೊರಟಾಗ ನಾನು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ಮಾವ ಬೀಗದ ಕೈ ತಿರುಗಿಸಿದರು. ದೀಪ ಹತ್ತಿತು. ಯಾರೂ ಹೇಳಿರಲಿಲ್ಲ, ಆದರೂ ಕಾರಿನಲ್ಲಿದ್ದ ಎಲ್ಲರೂ ಮನಸ್ಸಿನಲ್ಲಿ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಆರಕ್ಕೆ ಆರಿತು. ಭದ್ರಾವತಿ ದಾಟಿ, ಮಾಚೇನಹಳ್ಳಿ, ಮಲವಗೊಪ್ಪ ದಾಟಿ, ತುಂಗಾ ಸೇತುವೆ ಬಂದಾಗ ಅತ್ತೆ ಒಮ್ಮೆ ಬಗ್ಗಿ ಮೀಟರ್ ಬೋರ್ಡ್ ನೋಡಿದರು. ಆಮೇಲೆ ಹೊಳೆ ನೋಡಿದರು.

ಬ್ಯಾಟು ಈಗ ಡಿಕ್ಕಿಯಲ್ಲಿ ಬರುತ್ತದೆ. ಅಜ್ಜಿಗೂ ಗೊತ್ತು. ಒಡೆದ ನಾಲ್ಕು ಹೆಂಚಿನ ದುಡ್ಡಲ್ಲಿ ಎರಡರದು ತೀರಿಸಿದ್ದೇನೆ.