ಹೆಸರು, ಊರು, ಇಂಟರೆಸ್ಟ್

ಹೋದ ವರ್ಷ ಮೊದಲ ದಿನ ಕ್ಲಾಸಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ರು: ಹೆಸರು, ಊರು, ಯಾವುದರಲ್ಲಿ ಇಂಟರೆಸ್ಟ್? ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಸ್ಕೂಲುಗಳಿಂದ ಬಂದು ಹಾಸ್ಟೆಲ್ ಸೇರಿದ್ದ ನಾವು ಮೂವರೂ ಎದ್ದು 'ಎಐ, ಮಷೀನ್ ಲರ್ನಿಂಗ್' ಅಂದ್ವಿ. ನಿಜ ಹೇಳಬೇಕಂದ್ರೆ, ಸಿಇಟಿ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗದೆ ಎಲೆಕ್ಟ್ರಿಕಲ್‌ಗೆ ಬಂದವರು ನಾವು.

ನಮ್ಮ ರೂಮಿನ ನಾಲ್ಕನೆಯವನು ಎದ್ದು ಹೆಸರು ಹೇಳಿದ, ಹಾವೇರಿ ಅಂದ, ಸುಮ್ಮನಾದ. ಇಂಟರೆಸ್ಟ್? 'ಹಂಗೇನಿಲ್ರಿ ಸರ.' ಕ್ಲಾಸೆಲ್ಲ ನಕ್ಕಿತು. ನಾವೂ ನಕ್ವಿ. ಅವತ್ತಿಂದ ಅವನ ಹೆಸರೇ ಹಾವೇರಿ ಆಯ್ತು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅವನು. ಮೊದಲ ಇಂಟರ್ನಲ್ಸ್‌ನಲ್ಲಿ 50ಕ್ಕೆ 11 ಬಂತು. ಅವತ್ತು ರಾತ್ರಿ ಬ್ಯಾಗಿಗೆ ಬಟ್ಟೆ ತುಂಬ್ತಾ, 'ಅಪ್ಪನ ಅಂಗಡ್ಯಾಗ ಕುಂದರತೇನಿ' ಅಂದ. ಯಾವ ಅಂಗಡಿ? ಎರಡು ತಿಂಗಳು ಒಂದೇ ರೂಮಲ್ಲಿದ್ದು ನಾವು ಅದನ್ನ ಕೇಳೇ ಇರಲಿಲ್ಲ.

ಮೋಟರ್ ರೀವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಮೋಟರು ಎಲ್ಲ ಅಲ್ಲಿಗೇ ಬರುತ್ತಂತೆ. ಏಳನೇ ಕ್ಲಾಸಿಂದ ಇವನ ಕೆಲಸ ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸೋದು. ಎಣಿಕೆ ತಪ್ಪಿದ್ರೆ ಹೊಸ ಕಾಯಿಲ್ಲೂ ಸುಡುತ್ತೆ. ವೋಲ್ಟೇಜ್ ಇಳಿದಾಗ ಮೋಟರ್ ಅದೇ ಭಾರ ಎಳೆಯೋಕೆ ಜಾಸ್ತಿ ಕರೆಂಟ್ ತಗೊಳ್ಳುತ್ತೆ, ಬಿಸಿಯಾಗುತ್ತೆ. ಇದನ್ನೆಲ್ಲ ಅವನು ಜಿಪ್ ಹಾಕ್ತಾ ಹಾಕ್ತಾ ಹೇಳಿದ. ಏನು ಹೇಳಬೇಕೋ ತೋಚದೆ ನಾವು ಅವನನ್ನ ಮೆಸ್ಸಿಗೆ ಎಳ್ಕೊಂಡು ಹೋದ್ವಿ. ಬ್ಯಾಗು ಒಂದು ವಾರ ಹಾಗೇ ಮಂಚದ ಕೆಳಗಿತ್ತು.

ಆ ವಾರವೇ ಇಂಡಕ್ಷನ್ ಮೋಟರ್ ಪಾಠ ಶುರುವಾಯ್ತು. 120 ಗುಣಿಸು ಫ್ರೀಕ್ವೆನ್ಸಿ, ಭಾಗಿಸು ಪೋಲ್‌ಗಳ ಸಂಖ್ಯೆ. 50 ಹರ್ಟ್ಸ್, 4 ಪೋಲ್ ಆದ್ರೆ ನಿಮಿಷಕ್ಕೆ 1500 ಸುತ್ತು. ನಾವು ಬರ್ಕೊಂಡ್ವಿ. ಹಾವೇರಿ ತಾನಾಗಿ ಎದ್ದು ನಿಂತಿದ್ದು ಅವತ್ತೇ ಮೊದಲು.

'ಸರ, ಮೋಟರಿನ ಪ್ಲೇಟಿನ ಮ್ಯಾಲೆ 1440 ಅಂತ ಇರತೈತಲ್ರಿ. ಉಳದ 60 ಎಲ್ಲಿ ಹೋತ್ರಿ?'

ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ ಅಂದ್ರು. ಸರ್ ಮಾತ್ರ ಬುಕ್ಕು ಮುಚ್ಚಿದ್ರು. 1500 ಅನ್ನೋದು ಒಳಗೆ ತಿರುಗೋ ಅಯಸ್ಕಾಂತ ಕ್ಷೇತ್ರದ ವೇಗ. ರೋಟರ್ ಅದನ್ನ ಹಿಡಿದುಬಿಟ್ರೆ ರೋಟರಲ್ಲಿ ಕರೆಂಟೇ ಹುಟ್ಟಲ್ಲ, ಕರೆಂಟಿಲ್ಲದೆ ತಿರುಗಿಸೋ ಬಲ ಇಲ್ಲ. ಹಾಗಾಗಿ ಅದು ಯಾವಾಗ್ಲೂ ಸ್ವಲ್ಪ ಹಿಂದೇನೇ ಇರಬೇಕು. ಆ ಹಿಂದುಳಿಯೋದೇ ಸ್ಲಿಪ್, ಇಲ್ಲಿ 4 ಪರ್ಸೆಂಟ್. ಗಂಟೆ ಹೊಡೆದ ಮೇಲೂ ಅವರು ಹತ್ತು ನಿಮಿಷ ಬಿಡಲಿಲ್ಲ.

ಏಳನೇ ಕ್ಲಾಸಿಂದ ಈ ಪ್ರಶ್ನೆ ಅವನ ತಲೇಲಿತ್ತಂತೆ. ಅಪ್ಪನ್ನ ಕೇಳಿದ್ರೆ 'ಕಂಪನ್ಯಾರ ಬರದಾರ, ಇರತೈತಿ ಬಿಡ' ಅಂದಿದ್ರಂತೆ. ಅವತ್ತು ರಾತ್ರಿ ಮೆಸ್ಸಿನ ತಟ್ಟೆ ತಿರುಗಿಸಿ ನಮಗೆ ಇನ್ನೊಂದ್ಸಲ ಹೇಳಿಕೊಟ್ಟ. ನಮಗೆ ಅರ್ಥ ಆಗಿದ್ದು ಆಗಲೇ.

ಮ್ಯಾಥ್ಸಲ್ಲಿ ಅವನು ಈಗಲೂ ಒದ್ದಾಡ್ತಾನೆ. ನಾವು ಕನ್ನಡದಲ್ಲಿ ಒದ್ದಾಡ್ತೀವಿ. ಈ ಲೇಖನದ ಒತ್ತಕ್ಷರಗಳನ್ನ ತಿದ್ದಿದ್ದೂ ಅವನೇ. ಸ್ಲಿಪ್‌ಗೆ ಕನ್ನಡದಲ್ಲಿ ಏನು ಬರೆಯೋದೋ ಅಂದ್ವಿ.

'ಅಂಗಡ್ಯಾಗ ಅದಕ್ಕ ಹೆಸರ ಇಲ್ಲಲೇ,' ಅಂದ. 'ಸ್ಲಿಪ್ ಅಂತನ ಬರಿ.'