ಗಡಿಗೆಯೊಳಗಿನ ನಾಗರಹಾವು

ಚೆನ್ನೈ ನಗರದಿಂದ ಮಾಮಲ್ಲಪುರದ ಶಿಲಾದೇಗುಲಗಳ ದರ್ಶನಕ್ಕೆಂದು ಸಮುದ್ರತೀರದ ರಸ್ತೆಯಲ್ಲಿ ಹೊರಟವರಿಗೆ ಸುಮಾರು 40 ಕಿಲೋಮೀಟರು ಕ್ರಮಿಸಿದ ಮೇಲೆ ವಡನೆಮ್ಮೇಲಿ ಎಂಬ ಗ್ರಾಮ ದೊರೆಯುತ್ತದೆ. ಉರಗತಜ್ಞ ರಾಮುಲಸ್ ವಿಟೇಕರ್ ಅವರು ತಮ್ಮ ಸಂಗಡಿಗರೊಡನೆ 1976ರಲ್ಲಿ ಸ್ಥಾಪಿಸಿದ ಮೊಸಳೆ ಉದ್ಯಾನ ಇರುವುದು ಇಲ್ಲಿಯೇ. ಬಹುಮಂದಿ ಪ್ರವಾಸಿಗರು ಮೊಸಳೆಗಳನ್ನು ನೋಡಿ ಮುಂದೆ ಸಾಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾವು ಅಲ್ಲಿ ಇಳಿದದ್ದಕ್ಕೆ ಬೇರೆ ಕಾರಣವಿತ್ತು.

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ನನ್ನ ಮೊಮ್ಮಗ ಕಾಲುವೆಯ ದಂಡೆಯಲ್ಲಿ ಒಂದು ನೀರುಹಾವಿನ ಮರಿಯನ್ನು ಹಿಡಿದು ತಂದಿದ್ದ. ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ತೊಳೆದು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಹುಲ್ಲು ಹಾಸಿ, ಎಲ್ಲರಿಗೂ ಕಾಣಲೆಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಕುಡಿಯಲು ಬಟ್ಟಲಲ್ಲಿ ಹಾಲು ಬೇರೆ. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿತ್ತು; ಸಂಜೆಗೆ ಮರಿ ಸತ್ತಿತ್ತು. ಎರಡು ದಿನ ಹುಡುಗ ಸರಿಯಾಗಿ ಉಣ್ಣಲಿಲ್ಲ. “ಅಜ್ಜಾ, ನಾನು ಅದಕ್ಕೆ ಹೇಗೆ ಮನೆ ಮಾಡಬೇಕಿತ್ತು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಭರಣಿಯನ್ನು ಕೊಟ್ಟವನೂ ನಾನೇ.

ಮೊಸಳೆ ಉದ್ಯಾನದ ಆವರಣದಲ್ಲಿಯೇ ಇರುಳ ಬುಡಕಟ್ಟಿನವರ ಹಾವು ಹಿಡಿಯುವವರ ಸಹಕಾರ ಸಂಘವಿದೆ. ಕನ್ನಡದ ‘ಇರುಳು’ ಎಂಬ ಪದವೇ ಇವರ ಹೆಸರಿನಲ್ಲಿಯೂ ಇದೆಯೆಂದು ಹೇಳುವುದುಂಟು. ಹಿಂದೆ ಇವರು ಹಾವು ಹಿಡಿದು ಚರ್ಮದ ವ್ಯಾಪಾರಿಗಳಿಗೆ ಮಾರುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯೂ ಅನಂತರ ಬಂದ ರಫ್ತು ನಿಷೇಧವೂ ಆ ಜೀವನೋಪಾಯವನ್ನು ನಿಲ್ಲಿಸಿದವು. 1978ರಲ್ಲಿ ಸಂಘವು ರೂಪುಗೊಂಡಿತು. ಕೊಲ್ಲುತ್ತಿದ್ದ ಕೈಗಳೇ ಹಾವನ್ನು ಜೀವಂತ ಹಿಡಿದು, ವಿಷ ತೆಗೆದು, ಮರಳಿ ಕಾಡಿಗೆ ಬಿಡತೊಡಗಿದವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷವನ್ನು ಇವರು ಸಂಗ್ರಹಿಸುತ್ತಾರೆ. ಔಷಧ ತಯಾರಕರು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷವನ್ನು ಸಿದ್ಧಪಡಿಸುತ್ತಾರೆ. ಹೊಲದಲ್ಲಿ ಹಾವು ಕಚ್ಚಿಸಿಕೊಂಡ ನಮ್ಮ ಕಡೆಯ ರೈತನಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದಿನ ಮೂಲ ಇಂತಹ ಕೆಲಸವೇ.

ತಗ್ಗಿನ ಕಟ್ಟೆಯೊಂದರ ಮೇಲೆ ಸಾಲಾಗಿ ಮಣ್ಣಿನ ಗಡಿಗೆಗಳಿದ್ದವು. ಬಾಯಿಗೆ ಹತ್ತಿಬಟ್ಟೆ, ಅದರ ಸುತ್ತ ಬಿಗಿದ ಹುರಿ. ಒಬ್ಬ ಇರುಳನು ಹುರಿ ಬಿಚ್ಚಿ, ಕೊಕ್ಕೆಯ ಕೋಲಿನಿಂದ ನಾಗರಹಾವೊಂದನ್ನು ಮೆಲ್ಲನೆ ಹೊರತೆಗೆದನು. ಗಾಜಿನ ಪಾತ್ರೆಯ ಅಂಚನ್ನು ಅದು ಕಚ್ಚಿದಾಗ ಹಳದಿ ಬಣ್ಣದ ಹನಿಗಳು ಇಳಿದವು. ಮೊಮ್ಮಗನ ದೃಷ್ಟಿ ಮಾತ್ರ ಹಾವಿಗಿಂತ ಗಡಿಗೆಯ ಮೇಲೆಯೇ ಇತ್ತು. ಒಳಗೇನಿದೆಯೆಂದು ಅವನು ಕೇಳಿದ. ಜೊತೆಗಿದ್ದ ಬಂಧುಗಳು ತಮಿಳಿನಲ್ಲಿ ವಿಚಾರಿಸಿ ತಿಳಿಸಿದರು: ಮರಳು, ಅಷ್ಟೆ.

ಆ ‘ಅಷ್ಟೆ’ಯಲ್ಲಿ ಎಷ್ಟು ತಿಳಿವಳಿಕೆಯಿದೆಯೆಂದು ನಿಂತು ನೋಡಿದಂತೆ ಅರ್ಥವಾಯಿತು. ಹಾವಿಗೆ ನಮ್ಮಂತೆ ಒಡಲೊಳಗೆ ಶಾಖ ಹುಟ್ಟುವುದಿಲ್ಲ. ಸುತ್ತಲಿನ ಶಾಖವೇ ಅದರ ಶಾಖ. ಬಿಸಿಯಾದಾಗ ಸರಿದುಹೋಗಲು ತಂಪಾದ ಎಡೆ ಇಲ್ಲದಿದ್ದರೆ ಅದು ಉಳಿಯದು. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು ಶಾಖವನ್ನು ಕೂಡಿಹಾಕುತ್ತದೆ. ಸುಟ್ಟ ಮಣ್ಣು ಉಸಿರಾಡುತ್ತದೆ. ಬೇಸಿಗೆಯ ನೀರಿನ ಗಡಿಗೆಯನ್ನು ಬಲ್ಲ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ. ಬಟ್ಟೆಯಿಂದ ಗಾಳಿ ಆಡುತ್ತದೆ, ಹಾವು ನುಸುಳದು. ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಕತ್ತಲೆಯಿದೆ. ನಾವು ನೋಡಲೆಂದು ಬೆಳಕಿನಲ್ಲಿಟ್ಟೆವು. ಹಾವು ಬಯಸುವುದು ಮೈಗೆ ತಾಗುವಷ್ಟು ಇಕ್ಕಟ್ಟಾದ ಮರೆಯನ್ನು. ಹಾಲು ಅದರ ಆಹಾರವೇ ಅಲ್ಲ. ಕಲ್ಲುನಾಗರವನ್ನೂ ದಿಟದ ನಾಗರವನ್ನೂ ಕುರಿತ ಬಸವಣ್ಣನವರ ವಚನವನ್ನು ಬಾಯಿಪಾಠ ಮಾಡಿದ ನನ್ನ ಮನೆಯಲ್ಲಿಯೇ ದಿಟದ ಹಾವಿಗೆ ಹಾಲಿಟ್ಟದ್ದು ನೆನಪಾಗಿ ನಾಚಿಕೆಯಾಯಿತು.

ಈ ಗಡಿಗೆಯೂ ಶಾಶ್ವತ ಮನೆಯಲ್ಲ. ಮೂರು ನಾಲ್ಕು ವಾರ ಮಾತ್ರ. ಬಳಿಕ ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ ಬಿಟ್ಟುಬಿಡುತ್ತಾರೆ. ಅದೂ ಸರಕಾರದ ಅನುಮತಿಯಿರುವವರಿಗೆ. ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಡುವುದು ಕಾನೂನಿಗೆ ವಿರುದ್ಧ. ಈಗ ನಗರಗಳಲ್ಲಿ ಕೆಲವರು ಆಫ್ರಿಕದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನು ಸಾಕುತ್ತಾರೆ. ಅಂತಹ ವಿದೇಶೀ ಪ್ರಾಣಿಗಳ ನೋಂದಣಿಗೆ 2024ರಲ್ಲಿ ನಿಯಮಗಳು ಬಂದಿವೆ. ಅದಕ್ಕೂ ಪೆಟ್ಟಿಗೆಯ ಒಂದು ಕೊನೆ 32 ಡಿಗ್ರಿಯಷ್ಟು ಬೆಚ್ಚಗೂ ಇನ್ನೊಂದು ಕೊನೆ 25ರ ಸುಮಾರಿಗೆ ತಂಪಾಗಿಯೂ ಇರಬೇಕು. ಎರಡೂ ಕಡೆ ಅಡಗುವ ಗೂಡು, ನೀರಿನ ತಟ್ಟೆ, ಬಿಗಿಯಾದ ಮುಚ್ಚಳ ಬೇಕು. ಇಪ್ಪತ್ತು ವರ್ಷಗಳಿಗೂ ಮೀರಿ ಬದುಕಬಲ್ಲ ಜೀವಿ ಅದು. ಅಷ್ಟು ಕಾಲ ನಡೆಸಿಕೊಳ್ಳುವವರು ಎಷ್ಟು ಮಂದಿ? ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರ ಕೈಯಿಂದ ಹೊರಬಿದ್ದ ಬರ್ಮಾದ ಹೆಬ್ಬಾವುಗಳು ಜೌಗುನೆಲದಲ್ಲಿ ಹಬ್ಬಿ, ಅಲ್ಲಿನ ಪ್ರಾಣಿಗಳನ್ನು ನುಂಗಿ ಹಾಕಿದವು. ಅವುಗಳನ್ನು ಹುಡುಕಲು 2017ರಲ್ಲಿ ಕರೆಸಿಕೊಂಡದ್ದು ಇದೇ ಇರುಳರಾದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು. ಮೊದಲ 8 ದಿನಗಳಲ್ಲಿಯೇ 13 ಹೆಬ್ಬಾವುಗಳು ಸಿಕ್ಕಿದವು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಹೊರಡುವಾಗ ಇರುಳನು ನಾಗರಹಾವನ್ನು ಮತ್ತೆ ಗಡಿಗೆಯ ಬಾಯಿಗೆ ಹಿಡಿದನು. ಅದು ತಾನಾಗಿಯೇ ತಲೆ ಬಗ್ಗಿಸಿ ಕತ್ತಲೆಯೊಳಕ್ಕೆ ಸರಿದುಹೋಯಿತು. ಮೊಮ್ಮಗ ಬಸ್ಸಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಮಾಮಲ್ಲಪುರದ ದೇಗುಲಗಳು ಕಣ್ಣಿಗೆ ಬೀಳುವ ಹೊತ್ತಿಗೆ, “ಅಜ್ಜಾ, ನಮ್ಮ ಮರಿಗೆ ಕಾಲುವೆಯೇ ಮನೆಯಾಗಿತ್ತು, ಅಲ್ಲವೇ?” ಎಂದ. ಹೌದೆಂದೆ.

ಆ ಭರಣಿ ಇಂದಿಗೂ ಹಿತ್ತಲಿನ ಗೂಡಿನಲ್ಲಿದೆ. ಹಲವು ಸಲ ತೊಳೆದು ಕೊಟ್ಟರೂ ನಮ್ಮ ಮನೆಯವರು ಅದಕ್ಕೆ ಉಪ್ಪಿನಕಾಯಿ ತುಂಬಲು ಒಪ್ಪಿಲ್ಲ.